ಬಿರುಕು ಬಿಡದ ಪೆಟ್ಟಿಗೆ ಇದೆಯೇ?

ಅಣುಶಕ್ತಿ ಬೇಕೇ, ಬೇಡವೇ ಎಂಬ ವಿಷಯದ ಮೇಲೆ ಶಾಲಾ ಚರ್ಚಾಸ್ಪರ್ಧೆಗಳು ವರ್ಷವರ್ಷವೂ ನಡೆಯುತ್ತವೆ. ಪರವಾಗಿ ಮಾತನಾಡುವ ಹುಡುಗ ವಿದ್ಯುತ್ತಿನ ಲೆಕ್ಕ ಒಪ್ಪಿಸುತ್ತಾನೆ. ವಿರೋಧಿಸುವ ಹುಡುಗಿ 1986ರ ಚೆರ್ನೋಬಿಲ್ಲನ್ನೂ 2011ರ ಫುಕುಶಿಮವನ್ನೂ ಮುಂದಿಡುತ್ತಾಳೆ. ಇಬ್ಬರಿಗೂ ಚಪ್ಪಾಳೆ ಬೀಳುತ್ತದೆ, ಬಹುಮಾನವೂ ಬರುತ್ತದೆ. ಆದರೆ ಒಲೆ ಉರಿದ ಮೇಲೆ ಉಳಿಯುವ ಬೂದಿಯನ್ನು ಎಲ್ಲಿಡುವುದು, ಯಾವ ಪಾತ್ರೆಯಲ್ಲಿಡುವುದು, ಆ ಪಾತ್ರೆ ಎಷ್ಟು ಕಾಲ ಬಾಳುವುದು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಅಡುಗೆಮನೆಯ ಜವಾಬ್ದಾರಿ ಹೊತ್ತವರು ಮೊದಲು ಕೇಳುವ ಪ್ರಶ್ನೆ ಅದೇ ಅಲ್ಲವೇ?

ಈ ಲೇಖನ ಆ ಪಾತ್ರೆಯನ್ನು ಕುರಿತದ್ದು. ಕನ್ನಡ ಪಂಡಿತರಿಗೆ ಲೋಹದ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಅಣುತ್ಯಾಜ್ಯದ ಪೆಟ್ಟಿಗೆಯ ಲೋಹ ಲೋಹತಜ್ಞರೊಬ್ಬರ ಪ್ರಶ್ನೆಯಲ್ಲ. ಅದನ್ನು ಹೂಳುವ ನೆಲದ ಜನ ತಮ್ಮ ಮಾತಿನಲ್ಲಿ ಪ್ರಶ್ನಿಸಬಲ್ಲವರಾಗಿರಬೇಕು. ಉತ್ತರಿಸುವವರು ತಮಗಿರುವ ಸಂದೇಹವನ್ನೂ ಸೇರಿಸಿ ಉತ್ತರಿಸಬೇಕು. ಇದು ನನ್ನ ಖಚಿತ ಅಭಿಪ್ರಾಯ. ಆ ಕಾರಣಕ್ಕೇ ಈ ವಿಷಯ ಭಾಷೆಯ ಮೇಷ್ಟರಿಗೂ ಸಂಬಂಧಿಸಿದ್ದು.

ಮೊದಲು ಕಾಲದ ಅಳತೆಯನ್ನು ನೋಡೋಣ. ಅಣುಸ್ಥಾವರದಲ್ಲಿ ಉರಿದ ಇಂಧನದಲ್ಲಿ ಪ್ಲುಟೋನಿಯಂ 239 ಎಂಬ ಧಾತು ಉಳಿದಿರುತ್ತದೆ. ಅದರ ಅರ್ಧಾಯುಷ್ಯ ಸುಮಾರು 24,100 ವರ್ಷ. ಎಂದರೆ ಅಷ್ಟು ವರ್ಷ ಕಳೆದ ಮೇಲೂ ಇಟ್ಟದ್ದರಲ್ಲಿ ಅರ್ಧ ಹಾಗೆಯೇ ಇರುತ್ತದೆ. ಬೇಲೂರು ತಾಲೂಕಿನ ಹಲ್ಮಿಡಿ ಶಾಸನ ಕ್ರಿ. ಶ. 5ನೆಯ ಶತಮಾನದ್ದೆಂದು ನಾವು ಹೆಮ್ಮೆಯಿಂದ ಪಾಠ ಹೇಳುತ್ತೇವೆ. ಅದಕ್ಕೆ ಇನ್ನೂ 1,600 ವರ್ಷ ತುಂಬಿಲ್ಲ. ಅಷ್ಟರಲ್ಲೇ ಅದರ ಲಿಪಿಯನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಓದಲಾರರು, ಓದಿ ಹೇಳಿದರೂ ಅರ್ಥ ತಿಳಿಯಲಾರರು. ಹಾಗಿದ್ದಮೇಲೆ ಪೆಟ್ಟಿಗೆಯ ಮೇಲೆ 'ಅಪಾಯ, ಮುಟ್ಟಬೇಡಿ' ಎಂದು ಬರೆದಿಟ್ಟರೆ ಹತ್ತು ಸಾವಿರ ವರ್ಷಗಳ ಅನಂತರ ಅದನ್ನು ಓದುವವರಾರು? ಅಕ್ಷರ ಕೈಬಿಡುವ ಕಾಲಕ್ಕೆ ಲೋಹವೇ ಗತಿ. ಆದ್ದರಿಂದಲೇ ಅಣುತ್ಯಾಜ್ಯವಿರುವ ದೇಶಗಳಲ್ಲಿ ವಿಜ್ಞಾನಿಗಳು ಅದನ್ನು ದಪ್ಪ ಲೋಹದ ಪೆಟ್ಟಿಗೆಗಳಲ್ಲಿ ಮುಚ್ಚಿ ನೂರಾರು ಮೀಟರ್ ಆಳದ ಬಂಡೆಯೊಳಗೆ ಇಡುವ ಯೋಚನೆ ಮಾಡಿದ್ದಾರೆ.

ಲೋಹ ಕೆಡುವುದೆಂದರೆ ನಮ್ಮ ಕಣ್ಣಮುಂದೆ ಬರುವುದು ತುಕ್ಕು. ಕಡಲ ಗಾಳಿ ಬೀಸುವ ಈ ಕಾಸರಗೋಡು ಸೀಮೆಯಲ್ಲಿ ಅದರ ಪರಿಚಯವಿಲ್ಲದ ಮನೆಯಿಲ್ಲ. ಕಿಟಕಿಯ ಸರಳು, ಗೇಟಿನ ಕೊಂಡಿ, ಸೈಕಲ್ಲಿನ ಚೈನು, ಒಂದು ಮಳೆಗಾಲ ಕಳೆದರೆ ಎಲ್ಲವೂ ಕೆಂಪು. ನಮ್ಮ ಹಿರಿಯರು ಈ ವಿಷಯದಲ್ಲಿ ಸೂಕ್ಷ್ಮದೃಷ್ಟಿಯುಳ್ಳವರು. ಕಬ್ಬಿಣಕ್ಕೆ ಹಿಡಿಯುವುದನ್ನು ತುಕ್ಕು ಎಂದರು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದನ್ನು ಕಿಲುಬು ಎಂದರು. ಮಲಯಾಳದಲ್ಲೂ ಹೀಗೆಯೇ ಎರಡು ಮಾತು: ತುರುಂಬು ಮತ್ತು ಕ್ಲಾವು. ನಾನು ಎರಡು ಭಾಷೆಗಳಲ್ಲೂ ಪಾಠ ಕೇಳಿ ಬೆಳೆದವನಾದ್ದರಿಂದ ಈ ಜೋಡಿ ನನಗೆ ಇಷ್ಟ. ಆದರೆ ಲೋಹ ಕೆಡುವ ಮೂರನೆಯ ಬಗೆಯೊಂದಿದೆ. ಅದಕ್ಕೆ ಎರಡು ಭಾಷೆಗಳಲ್ಲೂ ಮನೆಮಾತಿನ ಹೆಸರಿಲ್ಲ. ಅಲ್ಲಿ ಲೋಹ ಸವೆಯುವುದಿಲ್ಲ, ಬಣ್ಣಗೆಡುವುದಿಲ್ಲ. ಮೇಲ್ನೋಟಕ್ಕೆ ಹೊಳೆಯುತ್ತಲೇ ಇರುತ್ತದೆ. ಒಂದು ದಿನ ಕೂದಲೆಳೆಯಷ್ಟು ಸಪೂರದ ಬಿರುಕು ಕಾಣಿಸುತ್ತದೆ. ಆ ಹೊತ್ತಿಗೆ ಅದು ಒಳಗೆ ಆಳಕ್ಕೆ ಇಳಿದಿರುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ 'ಪೀಡನ ಸಂಕ್ಷಾರಣ ಬಿರುಕು'. ಬಾಯಿಗೂ ಸಿಗದ, ಮನಸ್ಸಿಗೂ ಸಿಗದ ಮಾತು. ನಾನು ಅದನ್ನು 'ಎಳೆತದ ತುಕ್ಕುಬಿರುಕು' ಎಂದು ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಹೆಸರು ಹೊಳೆದವರು ಹೇಳಿದರೆ ಸಂತೋಷದಿಂದ ಸ್ವೀಕರಿಸುವೆ.

ಈ ಕೇಡು ಪ್ರಸಿದ್ಧಿಗೆ ಬಂದದ್ದು ನಮ್ಮ ದೇಶದ ಮಳೆಗಾಲದಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ಬ್ರಿಟಿಷರ ಆಳ್ವಿಕೆಯಲ್ಲಿ ಸೈನ್ಯದ ಬಂದೂಕಿನ ತೋಟಾಗಳಿಗೆ ಹಿತ್ತಾಳೆಯ ಕವಚವಿರುತ್ತಿತ್ತು. ಮಳೆ ಹಿಡಿದು ಸಂಚಾರ ನಿಂತಾಗ ಅವನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡುವುದಿತ್ತು. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ, ಯಾರೂ ಮುಟ್ಟದಿದ್ದ ಕವಚಗಳು ಸೀಳಿಹೋಗಿರುತ್ತಿದ್ದವು. ಇದು ಋತುಮಾನದ ದೋಷವೆಂದೇ ಭಾವಿಸಿ, 'ಋತುಬಿರುಕು' ಎಂಬರ್ಥದ ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟರು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಕಾರಣವನ್ನು ಬಿಡಿಸಿ ತೋರಿಸಿದರು. ಕುದುರೆಯ ಮೂತ್ರದಿಂದ ಹೊಮ್ಮುವ ಅಮೋನಿಯ ಒಂದು ಕಡೆ. ಕವಚವನ್ನು ಎಳೆದು ರೂಪಿಸುವಾಗ ಅದರ ಮೈಯಲ್ಲೇ ಸಿಕ್ಕಿಕೊಂಡ ಬಿಗಿ ಇನ್ನೊಂದು ಕಡೆ. ಎರಡೂ ಸೇರಿದಾಗ ಹಿತ್ತಾಳೆ ಸೀಳುತ್ತಿತ್ತು. ಪರಿಹಾರವೂ ಸರಳವಾಗಿತ್ತು: ಕವಚವನ್ನು ಹದವಾಗಿ ಕಾಯಿಸಿದರೆ ಒಳಗಿನ ಬಿಗಿ ಸಡಿಲುತ್ತದೆ. ಪಾತ್ರೆ ಬಡಿಯುವ ನಮ್ಮ ಕುಶಲಕರ್ಮಿಗಳು ನಡುನಡುವೆ ತಗಡನ್ನು ಬೆಂಕಿಗೆ ಹಿಡಿದು ಮೆದುಗೊಳಿಸುವುದನ್ನು ಕಂಡವರಿಗೆ ಇದು ಹೊಸದೆನಿಸದು.

ಹೀಗೆ ಈ ಬಿರುಕಿಗೆ ಮೂವರು ಸೇರಬೇಕು: ಸೋಲುವ ಲೋಹ, ಅದನ್ನು ಎಳೆಯುವ ಬಿಗಿ, ಅದಕ್ಕೆ ಒಗ್ಗದ ನೀರು ಅಥವಾ ಆವಿ. ಮೂವರಲ್ಲಿ ಒಬ್ಬನಿಲ್ಲದಿದ್ದರೂ ಬಿರುಕಿಲ್ಲ. ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲಿ ಕ್ರೋಮಿಯಂ ಸೇರಿರುವುದರಿಂದ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡಿರುತ್ತದೆ. ಪೊರೆ ಹರಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಉಪ್ಪು ಮಾತ್ರ ಅದರ ವೈರಿ. ಮಾವಿನ ಮಿಡಿ ಉಪ್ಪಿನಕಾಯಿಯನ್ನು ಅಮ್ಮಂದಿರು ಸ್ಟೀಲಿನಲ್ಲಿಡದೆ ಭರಣಿಯಲ್ಲಿಡುತ್ತಾರಲ್ಲ, ಅವರ ಅನುಭವ ರಸಾಯನಶಾಸ್ತ್ರಕ್ಕೆ ಒಪ್ಪುವಂಥದೇ. ಉಪ್ಪಿನ ಕ್ಲೋರೈಡು ಪೊರೆಯನ್ನು ಒಂದೆಡೆ ತೂತು ಮಾಡುತ್ತದೆ. ಅದೇ ಜಾಗದಲ್ಲಿ ಲೋಹ ಎಳೆತಕ್ಕೆ ಸಿಕ್ಕಿದ್ದರೆ ಪೊರೆ ಕಟ್ಟಿಕೊಳ್ಳುವ ಮೊದಲೇ ತೂತು ಬಾಯಿ ಬಿಡುತ್ತದೆ. ಬಿಟ್ಟ ಬಾಯಿಯ ತುದಿಯಲ್ಲಿ ಎಳೆತ ಇನ್ನಷ್ಟು ಹೆಚ್ಚುತ್ತದೆ. ಬಿರುಕು ತನ್ನ ದಾರಿಯನ್ನು ತಾನೇ ಮಾಡಿಕೊಂಡು ಒಳಗೆ ನಡೆಯುತ್ತದೆ. 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ ಸಾಮಾನ್ಯ ಸ್ಟೀಲಿನ ಪಟ್ಟಿಯನ್ನು ಬಗ್ಗಿಸಿ ಬೋಲ್ಟು ಬಿಗಿದು, ಸುಮಾರು 155 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಕೆಲವೇ ಗಂಟೆಗಳಲ್ಲಿ ಅದು ಬಿರುಕು ಬಿಡುತ್ತದೆ. ಲೋಹಗಳನ್ನು ಪರೀಕ್ಷೆಗೆ ಕೂರಿಸುವ ಪ್ರಸಿದ್ಧ ವಿಧಾನಗಳಲ್ಲಿ ಇದೂ ಒಂದು.

ಅಮೆರಿಕದವರು ನೆವಾಡಾ ರಾಜ್ಯದ ಯಕ್ಕಾ ಬೆಟ್ಟದೊಳಗೆ ತಮ್ಮ ಅಣುತ್ಯಾಜ್ಯವನ್ನಿಡಲು ಯೋಜಿಸಿದಾಗ, ಪೆಟ್ಟಿಗೆಯ ಹೊರಕವಚಕ್ಕೆ ಆರಿಸಿದ್ದು 'ಅಲಾಯ್ 22' ಎಂಬ ಮಿಶ್ರಲೋಹ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಕ್ಕಲ್, ಸುಮಾರು 22 ಪಾಲು ಕ್ರೋಮಿಯಂ, 13 ಪಾಲು ಮಾಲಿಬ್ಡಿನಂ, ಸ್ವಲ್ಪ ಟಂಗ್‌ಸ್ಟನ್, ಸ್ವಲ್ಪ ಕಬ್ಬಿಣ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಇದರ ಬಗ್ಗಿಸಿದ ತುಂಡುಗಳನ್ನು 60 ಮತ್ತು 90 ಡಿಗ್ರಿ ಬಿಸಿಯ ಖನಿಜಜಲಗಳಲ್ಲಿ ಐದು ವರ್ಷಕ್ಕೂ ಮೀರಿ ಮುಳುಗಿಸಿಟ್ಟರು. ಬಿರುಕು ಕಾಣಲಿಲ್ಲ. ಸವೆತವೂ ಅತ್ಯಲ್ಪ, ವರ್ಷಕ್ಕೆ ಕೆಲವೇ ನ್ಯಾನೊಮೀಟರು. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ.

ಗಣಿತ ಪ್ರಿಯರು ಇಲ್ಲಿ ಪೆನ್ಸಿಲು ತೆಗೆಯಬಹುದು. ವರ್ಷಕ್ಕೆ 10 ನ್ಯಾನೊಮೀಟರ್ ಸವೆದರೆ 10,000 ವರ್ಷಕ್ಕೆ ಸವೆಯುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. 20 ಮಿಲಿಮೀಟರ್ ದಪ್ಪದ ಕವಚ ಪೂರ್ತಿ ಸವೆಯಲು 20 ಲಕ್ಷ ವರ್ಷ. ಮನಸ್ಸು ನಿರಾಳವಾಗುತ್ತದೆ. ಆದರೆ ಇದು ಸವೆತದ ಲೆಕ್ಕ, ಬಿರುಕಿನದಲ್ಲ. ಬಿರುಕೊಂದು ಹುಟ್ಟಿ ವರ್ಷಕ್ಕೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮುಂದುವರಿಯುತ್ತದೆ ಎಂದು ಊಹಿಸಿಕೊಳ್ಳಿ. ಅದೇ ಕವಚವನ್ನು ದಾಟಲು ಅದಕ್ಕೆ 2,000 ವರ್ಷ ಸಾಕು. ಐದು ವರ್ಷದ ಪ್ರಯೋಗದಲ್ಲಿ ಅದು ಸಾಗುವ ದೂರವಾದರೋ ಒಂದು ತಲೆಗೂದಲಿನ ದಪ್ಪವೂ ಇರದು. ಹತ್ತು ಸಾವಿರ ವರ್ಷದ ಮಾತನ್ನು ಐದು ವರ್ಷದ ಪರೀಕ್ಷೆಯಿಂದ ಹೇಳುವುದೆಂದರೆ, ಮಗುವಿನ ಹತ್ತು ವರ್ಷದ ಶಾಲಾಜೀವನವನ್ನು ಮೊದಲನೆಯ ತರಗತಿಯ ಮೊದಲ ಎರಡು ದಿನಗಳನ್ನು ನೋಡಿ ಹೇಳಿದಂತೆ. ನಾವು ಮೇಷ್ಟರುಗಳು ಅಂಥ ಭವಿಷ್ಯ ನುಡಿಯುವುದುಂಟು. ಅದು ಬೇರೆ ಮಾತು!

ಇದರಿಂದ ವಿಜ್ಞಾನಿಗಳು ಕಣ್ಣುಮುಚ್ಚಿ ಹೇಳುತ್ತಿದ್ದಾರೆಂದು ಯಾರೂ ತಿಳಿಯಬಾರದು. ಅವರಿಗೆ ಈ ಅಂತರ ನಮಗಿಂತ ಚೆನ್ನಾಗಿ ಗೊತ್ತು. ಆದಕಾರಣ ಅವರು ಲೋಹವನ್ನು ಬೇಕೆಂದೇ ಕಷ್ಟಕ್ಕೆ ಗುರಿಪಡಿಸುತ್ತಾರೆ. ತುಂಡನ್ನು ಯಂತ್ರಕ್ಕೆ ಕಟ್ಟಿ ದಿನಗಟ್ಟಲೆ ಅತಿ ನಿಧಾನವಾಗಿ ಎಳೆಯುತ್ತಾರೆ, ನೀರಿನ ಬಿಸಿ ಏರಿಸುತ್ತಾರೆ, ವಿದ್ಯುದ್ವಿಭವ ಕೊಡುತ್ತಾರೆ. ಬೈಕಾರ್ಬೊನೇಟೂ ಕ್ಲೋರೈಡೂ ಕೂಡಿದ ಬಿಸಿ ನೀರಿನಲ್ಲಿ, ಹೊರಗಿನಿಂದ ವಿದ್ಯುದ್ವಿಭವ ಏರಿಸಿ ಹೀಗೆ ಎಳೆದಾಗ ಅಲಾಯ್ 22 ಕೂಡ ಬಿರುಕು ಬಿಟ್ಟದ್ದುಂಟು. ಬೆಟ್ಟದೊಳಗೆ ಅಂಥ ಸ್ಥಿತಿ ಬಾರದೆಂದು ಯೋಜನೆಯವರು ವಾದಿಸಿದರು. ವಾದಕ್ಕೆ ಆಧಾರವಿತ್ತು. ಆದರೂ 'ಬಿರುಕು ಬಿಡದ ಲೋಹ' ಎಂಬ ಮಾತನ್ನು ಅಲ್ಲಿಂದಾಚೆಗೆ 'ಇಂಥಿಂಥ ನೀರಿನಲ್ಲಿ, ಇಷ್ಟು ಬಿಸಿಯಲ್ಲಿ, ಇಷ್ಟು ಎಳೆತದಲ್ಲಿ ಬಿರುಕು ಬಿಡದ ಲೋಹ' ಎಂದು ತಿದ್ದಿಕೊಂಡು ಓದಬೇಕಾಗುತ್ತದೆ. ವಿಶೇಷಣಗಳನ್ನು ಕಳಚಿ ಬರಿಯ ನಾಮಪದವನ್ನು ಮಾರುವವರನ್ನು ನಂಬಬೇಡಿರೆಂದು ವ್ಯಾಕರಣದ ಮೇಷ್ಟರಾಗಿ ಹೇಳುವ ಅಧಿಕಾರ ನನಗುಂಟು.

ಬಿಗಿ ಎಲ್ಲಿಂದ ಬರುತ್ತದೆ? ಪೆಟ್ಟಿಗೆಯನ್ನು ಯಾರೂ ಎಳೆಯುತ್ತಿಲ್ಲವಲ್ಲ? ಬಿಗಿ ಬರುವುದು ಹೆಚ್ಚಾಗಿ ಬೆಸುಗೆಯಿಂದ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ; ಅಕ್ಕಪಕ್ಕದ ಗಟ್ಟಿ ಲೋಹ ಕುಗ್ಗಗೊಡುವುದಿಲ್ಲ; ಆ ಜಗಳ ಎಳೆತವಾಗಿ ಅಲ್ಲಿಯೇ ಉಳಿಯುತ್ತದೆ. ಖಾಲಿ ಪೆಟ್ಟಿಗೆಯನ್ನು ಕುಲುಮೆಯಲ್ಲಿ ಕಾಯಿಸಿ ಬಿಗಿ ಕಳೆಯಬಹುದು. ಆದರೆ ಕೊನೆಯ ಮುಚ್ಚಳವನ್ನು ಬೆಸೆಯುವಾಗ ಒಳಗೆ ಅಣುತ್ಯಾಜ್ಯ ತುಂಬಿಯಾಗಿದೆ. ಆ ಹೊರೆಯನ್ನು ಸಾವಿರ ಡಿಗ್ರಿಗೆ ಮೀರಿ ಕಾಯಿಸುವಂತಿಲ್ಲ. ಇಡೀ ಪೆಟ್ಟಿಗೆಯಲ್ಲಿ ನಾಜೂಕಾದ ಜಾಗ ಅದೇ. ಅದಕ್ಕೆ ಕಂಡುಕೊಂಡ ಉಪಾಯ ಬೆಸುಗೆಯ ಮೈಯನ್ನು ಲೇಸರ್ ಹೊಡೆತದಿಂದ ತಟ್ಟುವುದು, ಅಥವಾ ಗುಂಡುಗಳನ್ನು ಉರುಳಿಸಿ ಒತ್ತುವುದು. ತಟ್ಟಿದ ಮೈ ಎಳೆತದಲ್ಲಿರದೆ ಒತ್ತಡದಲ್ಲಿರುತ್ತದೆ. ಒತ್ತಿ ಹಿಡಿದ ಬಾಯಿ ಬಿರಿಯುವುದಿಲ್ಲ.

ಇದನ್ನು ಬಲ್ಲವರಿಗೆ ದೆಹಲಿಯ ಕಬ್ಬಿಣದ ಕಂಬದ ಉದಾಹರಣೆ ಅರ್ಧ ಮಾತ್ರ ಒಪ್ಪಿಗೆಯಾದೀತು. ಸುಮಾರು 1,600 ವರ್ಷಗಳಿಂದ ಅದು ತುಕ್ಕಿಗೆ ಬಲಿಯಾಗದೆ ನಿಂತಿದೆ, ಅದರ ಕಬ್ಬಿಣದಲ್ಲಿರುವ ರಂಜಕವೇ ರಕ್ಷೆಯೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದ್ದಾರೆ. ಕೊಲ್ಲೂರಿಗೆ ಹೋದವರಲ್ಲಿ ಕೆಲವರು ಕೊಡಚಾದ್ರಿಯನ್ನು ಹತ್ತಿ, ಮೂಲ ಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಕಂಬವನ್ನೂ ಕಂಡಿರಬಹುದು. ಘಟ್ಟದ ಆ ಮಳೆಯಲ್ಲೂ ಅದು ಉಳಿದುಬಂದಿರುವುದು ಲೋಹವಿಜ್ಞಾನಿಗಳ ಗಮನ ಸೆಳೆದಿದೆ. 'ನಮ್ಮ ಪೂರ್ವಿಕರೇ ಮಾಡಿದ್ದಾರೆ, ಇನ್ನೇನು ಚಿಂತೆ?' ಎಂದು ಭಾಷಣ ಮಾಡುವವರಿದ್ದಾರೆ. ಕಂಬವಾದರೋ ತನ್ನ ಭಾರದಿಂದ ತಾನೇ ಒತ್ತಿಕೊಂಡು ನಿಂತಿರುವಂಥದು. ಅಣುತ್ಯಾಜ್ಯದ ಪೆಟ್ಟಿಗೆಯ ಬೆಸುಗೆಯ ಸ್ಥಿತಿ ಅದಲ್ಲ. ಅಲ್ಲದೆ ತುಕ್ಕು ತಿಂದು ಮಾಯವಾದ ಕಂಬಗಳ ಲೆಕ್ಕ ನಮ್ಮಲ್ಲಿಲ್ಲ. ಉಳಿದ ಎರಡನ್ನು ಕಂಡು ಎಲ್ಲವೂ ಉಳಿಯುತ್ತವೆನ್ನುವುದು ನ್ಯಾಯವಲ್ಲ.

ಸ್ವೀಡನ್ನಿನವರ ದಾರಿ ಬೇರೆ. ಯಕ್ಕಾ ಬೆಟ್ಟದಲ್ಲಿ ತ್ಯಾಜ್ಯವಿಡುವ ಜಾಗ ಅಂತರ್ಜಲಕ್ಕಿಂತ ಮೇಲೆ, ಗಾಳಿಯಾಡುವ ಬಂಡೆಯಲ್ಲಿ. ಅಲ್ಲಿಗೆ ಪೊರೆ ಕಟ್ಟುವ ಲೋಹ ಸರಿ. ಸ್ವೀಡನ್ನಿನ ಫೋರ್ಸ್‌ಮಾರ್ಕಿನಲ್ಲಿ ಸುಮಾರು 500 ಮೀಟರ್ ಆಳದ ಶಿಲೆಯೊಳಗೆ ನೀರಿದೆ, ಆದರೆ ಆ ನೀರಿನಲ್ಲಿ ಆಮ್ಲಜನಕವಿಲ್ಲ. ಆಮ್ಲಜನಕವಿಲ್ಲದ ನೀರಿನಲ್ಲಿ ತಾಮ್ರ ಚಿನ್ನದಂತೆ ಸುಮ್ಮನಿರುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಪಾಠ. ಆದ್ದರಿಂದ ಒಳಗೆ ಎರಕದ ಕಬ್ಬಿಣ, ಹೊರಗೆ 5 ಸೆಂಟಿಮೀಟರ್ ದಪ್ಪದ ತಾಮ್ರ, ಸುತ್ತಲೂ ನೀರು ಕುಡಿದು ಉಬ್ಬುವ ಬೆಂಟೊನೈಟ್ ಜೇಡಿಮಣ್ಣು. ತುಂಬಿದ ಒಂದೊಂದು ಪೆಟ್ಟಿಗೆಯ ತೂಕ ಸುಮಾರು 25 ಟನ್ನು. ಅವರೂ ಹಳೆಯ ಸಾಕ್ಷಿ ಹುಡುಕಿದರು. 1676ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿದ ಕ್ರೋನನ್ ಎಂಬ ಯುದ್ಧನೌಕೆಯ ಫಿರಂಗಿಯೊಂದು ಸಿಕ್ಕಿತು. ತಾಮ್ರವೇ ಹೆಚ್ಚಿರುವ ಕಂಚು. ಮೂರು ಶತಮಾನ ಕೆಸರಿನಲ್ಲಿ ಹೂತಿದ್ದರೂ ಸವೆದದ್ದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. (ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಮೂರನೆಯ ಯೋಚನೆಯೂ ಇದೆ: ಸಾದಾ ಉಕ್ಕನ್ನೇ ದಪ್ಪವಾಗಿ ಬಳಸಿ, ತುಕ್ಕು ಹಿಡಿದರೂ ಲೆಕ್ಕಕ್ಕೆ ಸಿಗುವಂತೆ ಸಮವಾಗಿ ಹಿಡಿಯಲಿ ಎನ್ನುವುದು. ಅದರಲ್ಲೂ ಒಂದು ಪ್ರಾಮಾಣಿಕತೆಯಿದೆ.)

ಆದರೆ ತಾಮ್ರಕ್ಕೂ ಶತ್ರುಗಳಿದ್ದಾರೆ. ಹಿತ್ತಾಳೆಯನ್ನು ಸೀಳಿದ ಅಮೋನಿಯ ತಾಮ್ರವನ್ನೂ ಬಿಡದು. ಆಳದ ಬ್ಯಾಕ್ಟೀರಿಯಗಳು ಹುಟ್ಟಿಸುವ ಸಲ್ಫೈಡು ಅದನ್ನು ಕೊರೆಯುತ್ತದೆ. ಇವುಗಳ ಲೆಕ್ಕವನ್ನು ಯೋಜನೆಯವರು ಮೊದಲೇ ಹಾಕಿದ್ದರು. ಅಷ್ಟರಲ್ಲಿ, 1986ರಲ್ಲಿ, ಸ್ಟಾಕ್‌ಹೋಮಿನ ಗುನ್ನಾರ್ ಹುಲ್ಟ್‌ಕ್ವಿಸ್ಟ್ ಎಂಬ ಸಂಶೋಧಕರು, ಆಮ್ಲಜನಕವಿಲ್ಲದ ಶುದ್ಧ ನೀರಿನಲ್ಲೂ ತಾಮ್ರ ಕೆಡುತ್ತದೆ, ಜಲಜನಕ ಹೊರಡುತ್ತದೆ ಎಂದು ಪ್ರಕಟಿಸಿದರು. ಹಳೆಯ ಪಾಠವನ್ನೇ ಪ್ರಶ್ನಿಸುವ ಮಾತು! ಹಲವರು ಒಪ್ಪಲಿಲ್ಲ. 2007ರಲ್ಲಿ ಅವರೂ ಅವರ ಜೊತೆಗಾರರೂ ಮತ್ತೆ ಅದನ್ನೇ ಹೇಳಿದರು. ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಪ್ರಯೋಗವನ್ನು ಹೊಸದಾಗಿ ನಡೆಸಿದಾಗ ಅಂಥ ಕೇಡು ಕಂಡುಬರಲಿಲ್ಲ. ನನ್ನ ಗಮನ ಸೆಳೆದದ್ದು ಗೆದ್ದವರಾರು ಎಂಬುದಲ್ಲ. ಒಂಟಿ ದನಿಯೊಂದಕ್ಕೆ ಆ ದೇಶದಲ್ಲಿ ಸಿಕ್ಕ ಮರ್ಯಾದೆ. ಯೋಜನೆಯನ್ನು ಟೀಕಿಸುವ ಪರಿಸರ ಸಂಘಟನೆಗಳಿಗೆ ತಜ್ಞರನ್ನು ಇರಿಸಿಕೊಳ್ಳಲು ಅಣುತ್ಯಾಜ್ಯದ ನಿಧಿಯಿಂದಲೇ ಹಲವು ವರ್ಷ ಹಣ ದೊರೆಯಿತು. 2011ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 2017ರಲ್ಲಿ ಪರಿಸರ ನ್ಯಾಯಾಲಯ ಬಹಿರಂಗ ವಿಚಾರಣೆ ನಡೆಸಿತು. 2018ರ ಜನವರಿಯಲ್ಲಿ ಆ ನ್ಯಾಯಾಲಯ, ತಾಮ್ರದ ವಿಷಯದಲ್ಲಿ ಸಂದೇಹ ಉಳಿದಿದೆ, ಇನ್ನಷ್ಟು ವಿವರಣೆ ಬೇಕೆಂದು ಸರಕಾರಕ್ಕೆ ತಿಳಿಸಿತು. ವಿಕಿರಣ ಸುರಕ್ಷಾ ಪ್ರಾಧಿಕಾರವು ಸಮ್ಮತಿಸಿದ್ದರೂ ಕೆಲಸ ನಿಂತಿತು. ಕಂಪೆನಿ ಮತ್ತೆ ಪುರಾವೆ ಒದಗಿಸಿತು. ಬೇಡವೆನ್ನುವ ಹಕ್ಕಿದ್ದ ಓಸ್ತ್‌ಹಮ್ಮರ್ ಪುರಸಭೆ 2020ರ ಅಕ್ಟೋಬರಿನಲ್ಲಿ ಒಪ್ಪಿತು. ಸರಕಾರ 2022ರ ಜನವರಿಯಲ್ಲಿ ಒಪ್ಪಿತು. 2025ರ ಜನವರಿಯಲ್ಲಿ ಅಗೆತ ಆರಂಭವಾಯಿತು.

ಯಕ್ಕಾ ಬೆಟ್ಟದ ಕಥೆ ಹೀಗಾಗಲಿಲ್ಲ. 1987ರಲ್ಲಿ ಅಮೆರಿಕದ ಸಂಸತ್ತು ಉಳಿದ ಸ್ಥಳಗಳನ್ನೆಲ್ಲ ಕೈಬಿಟ್ಟು ಆ ಒಂದನ್ನೇ ಗೊತ್ತುಮಾಡಿತು. 2002ರಲ್ಲಿ ನೆವಾಡಾದ ಗವರ್ನರರು ತಡೆ ಒಡ್ಡಿದರೆ ಸಂಸತ್ತು ಅದನ್ನು ತಳ್ಳಿಹಾಕಿತು. ಹತ್ತು ಸಾವಿರ ವರ್ಷದ ರಕ್ಷಣೆ ಸಾಕೆಂಬ ನಿಯಮವನ್ನು 2004ರಲ್ಲಿ ನ್ಯಾಯಾಲಯ ರದ್ದುಗೊಳಿಸಿತು. 2008ರಲ್ಲಿ ಅವಧಿ ಹತ್ತು ಲಕ್ಷ ವರ್ಷಕ್ಕೇರಿತು. ಅದೇ ವರ್ಷ ಪರವಾನಗಿಗೆ ಅರ್ಜಿ ಹೋಯಿತು. ಒಂದೆರಡು ವರ್ಷಗಳಲ್ಲೇ ಹಣ ನಿಂತಿತು. ಅಲಾಯ್ 22 ತಾಮ್ರಕ್ಕಿಂತ ಕೀಳೆಂದು ಯಾರೂ ತೀರ್ಮಾನಿಸಿದ್ದಲ್ಲ. ಊರವರನ್ನು ಕೇಳದೆ ಊರನ್ನು ಆರಿಸಿದ್ದರಿಂದ, ಮುಂದೆ ಕೊಟ್ಟ ಪ್ರತಿಯೊಂದು ಅಂಕಿಯೂ ಜನರಿಗೆ ಮೋಸದಂತೆ ಕಂಡಿತು ಎಂಬುದು ನನ್ನ ತಿಳುವಳಿಕೆ.

ನಮ್ಮ ದೇಶದಲ್ಲಿ ಉರಿದ ಇಂಧನವನ್ನು ಹಾಗೆಯೇ ಹೂಳುವುದಿಲ್ಲ. ಸಂಸ್ಕರಿಸಿ ಉಪಯುಕ್ತ ಭಾಗವನ್ನು ಬೇರ್ಪಡಿಸಿ, ಉಳಿದ ಉಗ್ರ ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿ ಸ್ಟೀಲಿನ ಪೆಟ್ಟಿಗೆಗಳಲ್ಲಿ ಎರೆಯುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಕೆಲಸಕ್ಕೆ ಸ್ಥಾವರಗಳಿವೆ. ತಾರಾಪುರದಲ್ಲಿ ಇಂಥ ಪೆಟ್ಟಿಗೆಗಳನ್ನು ದಶಕಗಳ ಕಾಲ ತಣಿಸಿ ಕಾಯುವ ಭಂಡಾರವಿದೆ. ಆಳದ ಭಂಡಾರ ಇನ್ನೂ ಆಗಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ನಡೆಯುತ್ತಿರುವಾಗ ಈ ವಿಷಯ ಕನ್ನಡಿಗರಿಗೆ ದೂರದ್ದೆನ್ನುವಂತಿಲ್ಲ. ಇನ್ನೂ ಹತ್ತಿರದ ಸಂಗತಿಯೊಂದಿದೆ. 1980ರ ದಶಕದಲ್ಲಿ ಭಾಭಾ ಅಣುಸಂಶೋಧನ ಕೇಂದ್ರದವರು ಕೋಲಾರ ಚಿನ್ನದ ಗಣಿಯಲ್ಲಿ ಸುಮಾರು ಸಾವಿರ ಮೀಟರ್ ಆಳದ ಕೋಣೆಯೊಂದರಲ್ಲಿ, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂಬುದನ್ನು ಪರೀಕ್ಷಿಸಿದರು. 2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ತ್ಯಾಜ್ಯವನ್ನು ಕೋಲಾರದ ಗಣಿಯಲ್ಲಿ ಇಡಲಾಗುವುದೆಂಬ ಹೇಳಿಕೆ ಸರ್ವೋಚ್ಚ ನ್ಯಾಯಾಲಯದಲ್ಲಿ ಕೇಂದ್ರದ ಪರವಾಗಿ ಬಂದಿತು. ಗಣಿಪ್ರದೇಶದ ಜನ ಬೀದಿಗಿಳಿದರು, ಬಂದ್ ನಡೆಯಿತು. ಅಂಥ ಯೋಜನೆಯಿಲ್ಲವೆಂದು ಸರಕಾರ ಸಮಜಾಯಿಷಿ ನೀಡಿತು.

ಅಂದು ಬೀದಿಗಿಳಿದವರನ್ನು ಅಜ್ಞಾನಿಗಳೆಂದು ಹೀಯಾಳಿಸಿದವರಿದ್ದರು. ನನಗೆ ಹಾಗೆನ್ನಲು ಮನಸ್ಸು ಬಾರದು. ತಮ್ಮ ಕಾಲ ಕೆಳಗಿನ ನೆಲದ ಸುದ್ದಿಯನ್ನು ಯಾರದೋ ಮೊಕದ್ದಮೆಯ ನಡುವೆ ಕೇಳಬೇಕಾದವರು ಬೇರೇನು ಮಾಡಿಯಾರು? ಯಾವ ಪೆಟ್ಟಿಗೆ, ಯಾವ ಲೋಹ, ಗಣಿಯಲ್ಲಿ ತುಂಬುವ ನೀರಿನಲ್ಲಿ ಉಪ್ಪೆಷ್ಟು ಎಂಬ ಮಾತನ್ನು ಅವರೊಡನೆ ಅವರ ಭಾಷೆಯಲ್ಲಿ ಯಾರೂ ಆಡಿರಲಿಲ್ಲ. ನಮ್ಮ ಈ ಜಿಲ್ಲೆಗೂ ಅಂಥ ಅನುಭವವಿದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದ ಕೊನೆಯವರೆಗೂ ನಡೆಯಿತು. ಅಪಾಯವಿಲ್ಲವೆಂಬ ಆಶ್ವಾಸನೆ ಧಾರಾಳವಾಗಿತ್ತು. ಮಕ್ಕಳ ಸ್ಥಿತಿಯನ್ನು ಕಂಡು ಮೊದಲು ದನಿಯೆತ್ತಿದವರು ಊರಿನವರೇ. ಪೋಷಕರಲ್ಲಿ ಹಲವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲ ಯೋಜನೆಗೂ ಬೇಡವೆನ್ನುವುದು ನನ್ನ ವಾದವಲ್ಲ. ತ್ಯಾಜ್ಯ ಈಗಾಗಲೇ ಇದೆ. ನಾಳೆ ಎಲ್ಲ ಸ್ಥಾವರಗಳನ್ನು ಮುಚ್ಚಿದರೂ ಅದು ಹೋಗುವುದಿಲ್ಲ. ಎಲ್ಲಿಯಾದರೂ, ಯಾವ ಪೆಟ್ಟಿಗೆಯಲ್ಲಾದರೂ ಇಡಲೇಬೇಕು. ಮೇಲಿನ ಭಂಡಾರದಲ್ಲಿ ಮನುಷ್ಯರನ್ನು ಕಾವಲಿಟ್ಟು ಶಾಶ್ವತವಾಗಿ ಇರಿಸುವುದಕ್ಕಿಂತ ಆಳದ ಬಂಡೆಯೇ ಮೇಲು ಎಂದು ನನಗೂ ತೋರುತ್ತದೆ. ಆ ದಿನ ನಮ್ಮ ದೇಶದಲ್ಲೂ ಬಂದೇ ಬರುತ್ತದೆ. ಆಗ ಊರಿನ ಸಭೆಗೆ ಬಂದ ಅಧಿಕಾರಿಯನ್ನು ನಿಲ್ಲಿಸಿ ಕೇಳುವವರು ಇಂದಿನ ವಿದ್ಯಾರ್ಥಿಗಳು. ಈ ಲೋಹವನ್ನು ಎಷ್ಟು ವರ್ಷ ಪರೀಕ್ಷಿಸಿದ್ದೀರಿ? ನಮ್ಮ ನೆಲದ ನೀರಿನಲ್ಲೋ, ಸೀಸೆಯ ನೀರಿನಲ್ಲೋ? ಕೊನೆಯ ಮುಚ್ಚಳದ ಬೆಸುಗೆಯ ಬಿಗಿಯನ್ನು ಹೇಗೆ ಕಳೆದಿರಿ? ನಿಮ್ಮ ಮಾತನ್ನು ಒಪ್ಪದ ವಿಜ್ಞಾನಿ ಯಾರಾದರೂ ಇದ್ದಾರೆಯೇ, ಅವರು ಹೇಳುವುದೇನು? ಇವನ್ನು ಕೇಳಲು ಇಂಗ್ಲಿಷ್ ಮಾಧ್ಯಮ ಬೇಕಿಲ್ಲ. ಕನ್ನಡ ಶಾಲೆಗೆ ಕಳಿಸಿದರೆ ಮಗು ವಿಜ್ಞಾನದಲ್ಲಿ ಹಿಂದುಳಿಯುತ್ತದೆಂದು ಅಂಜುವ ಪೋಷಕರು ಈ ನಾಲ್ಕು ಪ್ರಶ್ನೆಗಳನ್ನು ಮನೆಯಲ್ಲಿ ಮಗುವಿನ ಬಾಯಿಂದ ಹೇಳಿಸಿ ನೋಡಲಿ.

ವಿಜ್ಞಾನ ಸಂಘದ ಮಕ್ಕಳಿಗೆ ಒಂದು ಕೆಲಸ. ಒಂದೇ ಪೊಟ್ಟಣದ ಎರಡು ಹೊಸ ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿ. ಒಂದನ್ನು ನೆಟ್ಟಗೆ ಬಿಡಿ, ಇನ್ನೊಂದನ್ನು ಇಕ್ಕಳದಿಂದ ಬಗ್ಗಿಸಿ. ಎರಡನ್ನೂ ಉಪ್ಪುನೀರಿನಲ್ಲಿ ನೆನೆಸಿದ ಹತ್ತಿಯ ಮೇಲೆ ಬೇರೆ ಬೇರೆ ತಟ್ಟೆಯಲ್ಲಿಟ್ಟು, ತುಕ್ಕು ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತದೆ, ತಲೆಯಲ್ಲೋ, ಮೊನೆಯಲ್ಲೋ, ಬಗ್ಗಿದ ಮೈಯಲ್ಲೋ, ದಿನಾಂಕ ಹಾಕಿ ಬರೆದಿಡಿ. ಆಟಿ ತಿಂಗಳಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ನೀವು ಕಂಡದ್ದನ್ನು ಕಂಡಷ್ಟೇ ಬರೆದು ಕೊಟ್ಟರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.